ನಕ್ಷಾ ಮಾಸ್ತರರು ಬಿಟ್ಟ ಸಂದು

ನಮ್ಮೂರ ಶಾಲೆಯನ್ನು ಕೆಡವುವುದಿಲ್ಲ! ಇವತ್ತು ಹನ್ನೊಂದರ ಸುಮಾರಿಗೆ ಕಾಗದ ಬಂತು. ಹೆಡ್‌ಮಾಸ್ತರರು ಶಾಲೆಯ ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಓದಿದರು. ನನ್ನ ಮೊಮ್ಮಗಳು ಅಕ್ಷತಾ ಅದನ್ನು ಅವರ ಕೈಯಿಂದ ಕಸಿದುಕೊಂಡು ಇನ್ನೊಮ್ಮೆ ಓದಿದಳು. ಆಮೇಲೆ ನಾನೇ ಓದಿದೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಅಕ್ಷರದ ಕೆಳಗೆ ಬೆರಳಿಟ್ಟು ಓದಬೇಕು. ‘ಸದರಿ ಕಟ್ಟಡವು ದುರಸ್ತಿಗೆ ಯೋಗ್ಯವಿದ್ದು, ಕೆಡವುವ ಪ್ರಸ್ತಾವವನ್ನು ಕೈಬಿಡಲಾಗಿದೆ.’ ಇಷ್ಟು ಓದುವಷ್ಟರಲ್ಲಿ ಕಣ್ಣು ಮಂಜಾಗಿ ಉಳಿದದ್ದು ಕಾಣಲಿಲ್ಲ. ಉಳಿದದ್ದು ಯಾರಿಗೆ ಬೇಕು! ಇನ್ನೂ ಕಾಲೇಜು ಮುಗಿಸದ ನನ್ನ ಮೊಮ್ಮಗಳು ಸರಕಾರದ ಕೈಯಲ್ಲಿದ್ದ ಗುದ್ದಲಿಯನ್ನು ಕೆಳಗಿಡಿಸಿದಳು.

ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಹೇಳಿದವರಿಗೇ ಮತ್ತೆ ಹೇಳಿದೆ. ಸೆರಗಿನಲ್ಲಿ ಬೆಲ್ಲ ಕಟ್ಟಿಕೊಂಡು ಹಂಚಿದೆ.

“ಏ ಗಂಗವ್ವಾ, ಇದು ಮೂರನೇ ಸಲ ಬೆಲ್ಲ ಕೊಡಾಕತ್ತೀ. ಸಕ್ರಿ ಜಡ್ಡು ಐತಿ ನನಗ, ಕೊಲ್ಲಬೇಕಂತ ಮಾಡಿಯೇನು?” ಎಂದಳು ಬಾಜೂ ಮನೆಯ ಪಾರವ್ವ.

“ತಿನ್ನಬೇ. ಇಂಥಾ ದಿನ ಸತ್ತರೂ ಚೊಲೋ.”

ಹೀಗೆ ಉಕ್ಕಿ ಉಕ್ಕಿ ಮಧ್ಯಾಹ್ನದ ಹೊತ್ತಿಗೆ ಸಂತೋಷದ ನೊರೆ ಇಳಿಯಿತು. ತಳದಲ್ಲಿ ನೋಡಿದರೆ ಸಿಟ್ಟು. ಹಳೆಯ ಸಿಟ್ಟು, ಆರಿಲ್ಲ. ಹೋದ ತಿಂಗಳು ಶಾಲೆಯ ಗೋಡೆಯಿಂದ ಹಳೆಯ ಗಚ್ಚು ಕಿತ್ತಾಗ ಒಂದು ವಾಸನೆ ಬಂದಿತ್ತು, ಸುಣ್ಣ ಮತ್ತು ಬೆಲ್ಲದ ನೀರು ಕೂಡಿದ ವಾಸನೆ. ಅದು ಮೂಗಿನಿಂದ ಇನ್ನೂ ಹೋಗಿಲ್ಲ. ಆ ವಾಸನೆಯ ಹಿಂದೆ ನನ್ನ ಹರೆಯದ ಒಂದು ವರ್ಷವಿದೆ.

ಆಗ ನಾನು ಹದಿನೇಳರವಳು. ಮದುವೆ ಗೊತ್ತಾಗಿತ್ತು, ಆಗಿರಲಿಲ್ಲ. ನವಲಗುಂದ ತಾಲೂಕಿನ ನಮ್ಮ ಕಡೆ ನೆಲವೆಲ್ಲ ಕಪ್ಪು ಎರೆ ಮಣ್ಣು. ಬೇಸಿಗೆಯಲ್ಲಿ ಒಣಗಿ ಕುಗ್ಗಿ, ಮೊಳಕೈವರೆಗೆ ತೋಳು ಇಳಿಯುವಷ್ಟು ಬಿರಿಯುತ್ತದೆ. ಮಳೆ ಬಿತ್ತೋ, ನೆನೆಹಾಕಿದ ಕಡಲೆಯಂತೆ ಉಬ್ಬುತ್ತದೆ. ಮೇಲೆ ಯಾರ ಮನೆ ಇದೆ ಎಂದು ಅದು ನೋಡುವುದಿಲ್ಲ. ಆ ವರ್ಷ ಯುಗಾದಿ ಮುಗಿಯುತ್ತಲೇ ಹೊಲಗಳು ಬಾಯಿ ತೆರೆದಿದ್ದವು. ಕುರಿಮರಿಗಳ ಕಾಲು ಸಿಕ್ಕಿಬಿದ್ದು ಮುರಿಯುತ್ತವೆಂದು ಕುರುಬರು ತಿರ್ಲಾಪುರದ ದಾರಿ ಬಿಟ್ಟು ಸುತ್ತಿ ಹೋಗುತ್ತಿದ್ದರು. ಅಂಥ ಬಿಸಿಲಲ್ಲಿ ಒಂದು ದಿನ ಅಣ್ಣಿಗೇರಿ ಸ್ಟೇಷನ್ನಿನಲ್ಲಿ ಇಳಿದು ಚಕ್ಕಡಿ ಹತ್ತಿ ನಕ್ಷಾ ಮಾಸ್ತರರು ಬಂದರು. ಜೊತೆಗೆ ಅವರ ಕಾಲೇಜಿನ ಏಳೆಂಟು ಹುಡುಗರು.

ಹೆಸರು ಬೇರೆ ಏನೋ ಇತ್ತು, ಊರು ಇಟ್ಟ ಹೆಸರು ನಕ್ಷಾ ಮಾಸ್ತರ. ಕುಂದಗೋಳದ ಕಡೆಯ ಒಬ್ಬ ಸಾಲಿ ಮಾಸ್ತರರ ಮಗ. ಓದಲು ಮುಂಬೈಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ವಿಲಾಯತಿಗೆ ಹೋಗಿ, ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮರಳಿದವರು. ದೊಡ್ಡ ಊರುಗಳಲ್ಲಿ ಒಂದು ದವಾಖಾನೆ, ಒಂದು ವಸತಿಗೃಹ, ಒಂದು ಬಸ್ ನಿಲ್ದಾಣ ಕಟ್ಟಿಸಿದ್ದರಂತೆ. ಅವರ ಕಟ್ಟಡಕ್ಕೆ ಕಮಾನು ಇಲ್ಲ, ಕಳಸ ಇಲ್ಲ, ಗೋಡೆಗೆ ಮೇಲೆ ಬಳಿಯುವ ಗಿಲಾಯಿ ಸಹ ಇಲ್ಲ. ಕಲ್ಲಾದರೆ ಕಲ್ಲು ಕಾಣಬೇಕು, ಕಾಂಕ್ರೀಟಾದರೆ ಕಾಂಕ್ರೀಟು ಕಾಣಬೇಕು. ಹಗಲೆಲ್ಲ ಕಟ್ಟಿಸುವುದು, ಸಂಜೆ ಕಲಿಸುವುದು. ವರ್ಷಕ್ಕೊಮ್ಮೆ ಹುಡುಗರನ್ನು ಹಳ್ಳಿಗೆ ಕರೆತಂದು ಏನಾದರೊಂದು ಕಟ್ಟಿಸದಿದ್ದರೆ ಪಾಸೇ ಮಾಡುತ್ತಿರಲಿಲ್ಲವಂತೆ.

ಆ ವರ್ಷ ಕಟ್ಟುವುದು ನಮ್ಮೂರ ಶಾಲೆ. ಊರ ಹಿರಿಯರಿಗೆ ಅದರ ನಕ್ಷೆ ಸೇರಲಿಲ್ಲ.

“ಏನ್ರೀ ಮಾಸ್ತರ, ಇದು ಸಾಲಿನೋ, ಹತ್ತಿ ಗಿರಣಿನೋ?”

“ಹತ್ತಿ ಇಡೂ ಜಾಗಾ ತಂಪ ಇರಬೇಕು, ಬೆಳಕ ಇರಬೇಕು ಅಂತ ನಿಮಗ ಗೊತ್ತದ. ಹುಡುಗರು ಹತ್ತಿಕಿಂತ ಕಡಿಮಿ ಏನ್ರಿ?” ಎಂದು ಮಾಸ್ತರರು ಕೇಳಿದರು.

ಮೊದಲ ವಾರ ಅವರು ಒಂದು ಕಲ್ಲನ್ನೂ ಇಡಿಸಲಿಲ್ಲ. ಮನೆಮನೆಯ ಮಣ್ಣಿನ ಮಾಳಿಗೆ ಹತ್ತಿ, ಬೆಳಕಿಂಡಿಗಳನ್ನು ಟೇಪು ಹಿಡಿದು ಅಳೆಸಿದರು. “ನೀವು ಬುಕ್ಕಿನ್ಯಾಗ ಹುಡುಕೂದು ಈ ಮುದುಕಿ ಮನಿ ಮಾಳಿಗಿ ಮ್ಯಾಲ ಬಿದ್ದದ, ಬರಕೋಳ್ರಿ” ಎಂದು ಹುಡುಗರಿಗೆ ಗದರುತ್ತಿದ್ದರು. ಆ ಮುದುಕಿ ನನ್ನ ಅಜ್ಜಿ. “ನನ್ನ ಮಾಳಿಗ್ಯಾಗ ಏನ ಬಿದ್ದೈತೋ ಯಪ್ಪಾ? ಬಿದ್ದಿದ್ರ ನನಗ ಕೊಡ್ರಿ” ಎಂದು ಅವಳು ಅಂಗಳದಿಂದ ಕೂಗಿದ್ದಳು.

ನನ್ನ ಕೆಲಸ ಗಚ್ಚು ಹೊರುವುದು. ಸುಣ್ಣ, ಉಸುಕು, ಬೆಲ್ಲದ ನೀರು ಹಾಕಿ ಎತ್ತು ಕಟ್ಟಿದ ಗಾಣದಲ್ಲಿ ಅರೆದರೆ ಗಚ್ಚು. ಹಿಂದಿನ ವರ್ಷ ಬೇರೆ ಕಡೆ ಅಂಥದೇ ಗಾಣದ ಕಲ್ಲಿಗೆ ಸಿಕ್ಕು ನನ್ನ ಎಡಗೈಯ ಉಂಗುರ ಬೆರಳು ಅರ್ಧ ಹೋಗಿತ್ತು. ಗೋಡೆ ಕಟ್ಟುವವರು ಮೌಲಾಸಾಬ ಗೌಂಡಿ ಮತ್ತು ಅವರ ತಮ್ಮಂದಿರು. ಇವರೆಲ್ಲರ ಮೇಲೆ ಒಬ್ಬ ಗುತ್ತಿಗೆದಾರ.

ಸಂಜೆ ಕೆಲಸ ಬಿಟ್ಟ ಮೇಲೆ ಮಾಸ್ತರರು ಬೇವಿನ ಗಿಡದ ಕೆಳಗೆ ಬೂದಿ ಚೆಲ್ಲಿ, ಕಡ್ಡಿಯಿಂದ ಚಿತ್ರ ಬರೆದು, ಗೌಂಡಿಗಳಿಗೂ ಹುಡುಗರಿಗೂ ನಾಳೆ ಏನು, ಯಾಕೆ ಎಂದು ಹೇಳುತ್ತಿದ್ದರು. ‘ಯಾಕೆ’ ಹೇಳದೆ ಯಾರ ಕೈಗೂ ಕೆಲಸ ಕೊಡಬಾರದು ಎನ್ನುವುದು ಅವರ ಹಟ. ಆದರೆ ಸಂಜೆ ಹೆಣ್ಣುಮಕ್ಕಳು ಎಲ್ಲಿ ಇರುತ್ತಾರೆ? ನೀರು ತರಬೇಕು, ಹಿಟ್ಟು ಬೀಸಬೇಕು, ರೊಟ್ಟಿ ಬಡಿಯಬೇಕು. ಗೋಡೆಯ ಒಂದೊಂದು ಕಲ್ಲೂ ನಮ್ಮ ತಲೆಯ ಮೇಲಿಂದ ಹೋದದ್ದು. ಆ ಗೋಡೆಯ ‘ಯಾಕೆ’ ಮಾತ್ರ ನಮ್ಮ ಕಿವಿಗೆ ಬೀಳಲಿಲ್ಲ.

ಶಾಲೆಗೆ ಎರಡು ಭಾಗ. ಒಂದು ಕಡೆ ಕೋಣೆಗಳು, ಇನ್ನೊಂದು ಕಡೆ ದೊಡ್ಡ ಪಡಸಾಲೆ. ಎರಡರ ನಡುವೆ ತಳಪಾಯದಿಂದ ಮಾಳಿಗೆಯ ತನಕ ಎರಡು ಬೆರಳಗಲದ ಸಂದು. ಮೌಲಾಸಾಬ ಎಣ್ಣೆ ಸವರಿದ ಹಲಗೆ ನಿಲ್ಲಿಸಿ ಎರಡೂ ಬದಿ ಕಟ್ಟಿ, ಹಲಗೆ ಜಾರಿಸಿ ತೆಗೆಯುತ್ತಿದ್ದರು. ಹೊಸ ಗೋಡೆಯಲ್ಲಿ ಸೀಳು! ಊರಲ್ಲಿ ಗುಸುಗುಸು ಎದ್ದಿತು.

ಒಂದು ಮಧ್ಯಾಹ್ನ ನಾವು ಹೆಣ್ಣಾಳುಗಳು ನೆರಳಲ್ಲಿ ಬುತ್ತಿ ಬಿಚ್ಚಿದ್ದೆವು. ಗೌಡರ ಮನೆಯಲ್ಲಿ ಊಟ ಮಾಡುತ್ತಿದ್ದ ಮಾಸ್ತರರು ಅವತ್ತು ಯಾಕೋ ನಮ್ಮ ಕಡೆ ಬಂದು ನಿಂತು, “ಒಂದು ರೊಟ್ಟಿ ಸಿಗ್ತದೇನ್ರವಾ?” ಎಂದರು. ಉಳಿದವರು ಸೆರಗು ಎಳೆದುಕೊಂಡು ಸರಿದರು. ನಾನು ಕೊಟ್ಟೆ, ಮೇಲೆ ಒಂದು ಚಿಟಿಕೆ ಗುರೆಳ್ಳು ಚಟ್ನಿ ಇಟ್ಟು.

“ಬೆರಳಿಗೆ ಏನಾತು ತಂಗಿ?”

“ಗಾಣಕ್ಕ ಸಿಕ್ತರಿ ಮಾಸ್ತರ್ರ.” ಆಮೇಲೆ ಧೈರ್ಯ ಮಾಡಿ ಕೇಳಿದೆ: “ಆ ಸಂದು ಯಾಕ ಬಿಟ್ಟೀರಿ?”

ಅವರು ತಿನ್ನುವುದನ್ನು ನಿಲ್ಲಿಸಿದರು. “ಸಂಜೀಗೆ ಹೇಳಿದ್ನಲ್ಲ?”

“ಸಂಜೀಗೆ ನಾವು ಅಲ್ಲಿ ಕುಂತ್ರ ಈ ರೊಟ್ಟಿ ಯಾರು ಬಡೀತಾರ್ರಿ?”

ಹೆಂಗಸರು ಕಿಸಕ್ಕನೆ ನಕ್ಕರು. ಮಾಸ್ತರರ ಮುಖ ಕೆಂಪಾಯಿತು. “ಖರೇ. ನಾಳೆ ಮಧ್ಯಾಹ್ನ ಇಲ್ಲೇ ಹೇಳ್ತೇನಿ. ನೀವೆಲ್ಲಾರೂ ಇರ್ರಿ” ಎಂದರು.

ಆ ಸಂಜೆಯೇ ಅವರಿಗೆ ತಂತಿ ಬಂತು. ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ, ಕೂಡಲೇ ಹೊರಡಬೇಕು. ಬೆಳಗಿನ ಗಾಡಿಗೆ ಹುಡುಗರನ್ನು ಕರೆದುಕೊಂಡು ಹೋಗಿಬಿಟ್ಟರು. ನಾನು ಮರುದಿನ ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚಿಗೆ ತಂದಿದ್ದೆ.

ಮಳೆಗಾಲ ಹತ್ತಿರ ಬಂತು, ಕೆಲಸ ಮುಗಿಯಿತು, ದೊಡ್ಡವರೊಬ್ಬರ ಕೈಯಿಂದ ಶಾಲೆ ತೆರೆಯುವ ದಿನ ಗೊತ್ತಾಯಿತು. ನಮ್ಮ ಕಡೆ ಹೊಸ ಮನೆಗೆ ದೀಪ ಒಯ್ಯುವ ಹಿಂದಿನ ದಿನ ಹೆಣ್ಣುಮಕ್ಕಳೆಲ್ಲ ಕೂಡಿ ಗೋಡೆ, ನೆಲ, ಕಟ್ಟೆ ಎಲ್ಲ ಕಡೆ ಬಿರುಕು ಹುಡುಕಿ ಮುಚ್ಚುವುದು ಪದ್ಧತಿ. ಚೇಳು ಸೇರಬಾರದು, ಕೆಟ್ಟ ಕಣ್ಣು ನೆಡಬಾರದು. ಅದು ಕೂಲಿಯ ಕೆಲಸವಲ್ಲ, ಹೆಣ್ಣುಮಕ್ಕಳ ಸೇವೆ. ಮೌಲಾಸಾಬ ಅವತ್ತು ಗುಡಗೇರಿಯ ಬೀಗರ ಮನೆಗೆ ಹೋಗಿದ್ದರು. ಇದ್ದಿದ್ದರೆ ಓಡಿಸುತ್ತಿದ್ದರು ನಮ್ಮನ್ನು.

ಸಂದು ಮುಚ್ಚೋಣವೆಂದು ಮೊದಲು ಹೇಳಿದವಳು ನಾನು. ಇನ್ನೊಬ್ಬರ ಮೇಲೆ ಹಾಕಲಾರೆ. ನಾನೇ. ಮಾಸ್ತರರು ಅವಸರದಲ್ಲಿ ಹೋದರು, ಮುಚ್ಚಿಸುವುದು ಮರೆತರು, ನಾಳೆ ನಾಲ್ಕು ಮಂದಿಯೆದುರು ಅವರ ಮಾನ ಹೋಗಬಾರದು ಎಂದುಕೊಂಡೆ. ನಿಚ್ಚಣಿಕೆ ಹಾಕಿ, ಕಲ್ಲಿನ ಚಕ್ಕೆ ತುರುಕಿ, ಗಚ್ಚು ಒತ್ತಿ ಒತ್ತಿ ತುಂಬಿದೆವು. ಇಡೀ ದಿನ. ನನ್ನ ಜನ್ಮದಲ್ಲಿ ಅಷ್ಟು ಪ್ರೀತಿಯಿಂದ ಇನ್ನೊಂದು ಕೆಲಸ ಮಾಡಿಲ್ಲ.

ಗುತ್ತಿಗೆದಾರ ಬಂದು ನೋಡಿದ. ಅವನಿಗೆ ಗೊತ್ತಿತ್ತು! ನಕ್ಷೆ ಅವನ ಕೈಯಲ್ಲಿತ್ತು, ಬೇವಿನ ಗಿಡದ ಕೆಳಗಿನ ಮಾತನ್ನೆಲ್ಲ ಕೇಳಿದವನು. “ಚೊಲೋ ಆತು ಬಿಡ್ರಿ, ನೋಡಾಕ ಅಸಹ್ಯ ಇತ್ತು” ಎಂದು ಮೇಲಿನ ಮಾಳಿಗೆಯ ಸಂದಿಗೂ ಸಿಮೆಂಟು ಹಾಕಿಸಿ, ಸುಣ್ಣ ಬಳಿಸಿಬಿಟ್ಟ. ಮರುದಿನ ಹೂವಿನ ಹಾರ ಅವನ ಕೊರಳಿಗೂ ಬಿತ್ತು. ಮಾಸ್ತರರಿಗೆ ಆಮಂತ್ರಣವನ್ನೇ ಕಳಿಸಿರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಎರಡು ಮಳೆಗಾಲ ಕಳೆಯುವುದರೊಳಗೆ ಒಂದನೇ ಇಯತ್ತೆಯ ಕೋಣೆಯ ಗೋಡೆ ಮೂಲೆಯಿಂದ ಕಿಟಕಿಯವರೆಗೆ ಓರೆಯಾಗಿ ಬಿರಿಯಿತು. ಆ ಮಕ್ಕಳನ್ನು ಪಾಠಕ್ಕೆ ಗುಡಿಗೆ ಕಳಿಸಿದರು. ತನಿಖೆಗೆ ಅಧಿಕಾರಿಗಳು ಬಂದರು, ಮಾಸ್ತರರನ್ನೂ ಕರೆಸಿದ್ದರು. ಗುತ್ತಿಗೆದಾರ ಹಿಂದಿನ ದಿನವೇ ನಮ್ಮನ್ನು ಕರೆದು, “ಏನ ಕೇಳಿದ್ರೂ ಗೊತ್ತಿಲ್ಲ ಅನ್ನಬೇಕು. ಇಲ್ಲಾಂದ್ರ ಈ ತಾಲೂಕಿನ್ಯಾಗ ನಿಮ್ಮ ತಲೀ ಮ್ಯಾಲ ಬುಟ್ಟಿ ಇಡಾವ್ರು ಯಾರೂ ಇರೂದಿಲ್ಲ” ಎಂದಿದ್ದ.

ಗೋಡೆಯ ಸುಣ್ಣ ಅಲ್ಲಲ್ಲಿ ಉದುರಿತ್ತು. ಮಾಸ್ತರರು ಸಂದು ಇದ್ದ ಜಾಗದಲ್ಲಿ ಕೈಯಾಡಿಸುತ್ತ ಕೂತುಕೊಂಡರು. ಸಂದಿನ ಅಂಚು ದಾಟಿ ಮೆತ್ತಿದ್ದ ಗಚ್ಚಿನಲ್ಲಿ ನಮ್ಮ ಬೆರಳಿನ ಗುರುತುಗಳು ಹಾಗೇ ಇದ್ದವು. ಒಂದು ಕಡೆ ಮೂರು ಬೆರಳು ಉದ್ದ, ಒಂದು ಗಿಡ್ಡ. ಅವರು ಅದನ್ನು ನೋಡಿದರು. ತಲೆಯೆತ್ತಿ, ಸಾಲಾಗಿ ನಿಂತಿದ್ದ ನಮ್ಮಲ್ಲಿ ನನ್ನನ್ನೇ ನೋಡಿದರು. ನಾನು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

“ಇಲ್ಲಿ ಏನಾತು, ನಿನಗ ಗೊತ್ತೈತೇನವಾ?” ಎಂದು ಅಧಿಕಾರಿ ಕೇಳಿದರು.

“ನನಗೇನೂ ಗೊತ್ತಿಲ್ರಿ” ಎಂದೆ.

ಮಾಸ್ತರರು ಎದ್ದು ಮೊಣಕಾಲಿನ ಮಣ್ಣು ಝಾಡಿಸಿದರು. “ಅವ್ರನ್ನೇನ ಕೇಳ್ತೀರಿ. ತಪ್ಪು ನಂದು, ಬರಕೋಳ್ರಿ” ಎಂದರು. ಬರೆದುಕೊಂಡರು. ಅಷ್ಟೇ.

ಅಲ್ಲಿಂದ ಈಚೆಗೆ ಅವರಿಗೆ ಸರಕಾರದ ಒಂದು ಕೆಲಸವೂ ಸಿಗಲಿಲ್ಲ. ಇದನ್ನು ನನಗೆ ಹೇಳಿದವಳು ಅಕ್ಷತಾ. ಉಳಿದ ಆಯುಷ್ಯವನ್ನೆಲ್ಲ ಅವರು ಪಾಠ ಮಾಡುತ್ತ ಕಳೆದರಂತೆ. ಅವರ ಕೈಯಲ್ಲಿ ಕಲಿತವರು ಎಲ್ಲೆಲ್ಲೋ ಏನೇನೋ ಕಟ್ಟಿದರು. ಅವರು ಮಾತ್ರ ಕಟ್ಟಲಿಲ್ಲ. ಗುತ್ತಿಗೆದಾರ ಹತ್ತು ಕಡೆ ಕಟ್ಟಿದ, ಮುಂದಾಳಾದ, ಸತ್ತಾಗ ಅಂಗಡಿ ಮುಚ್ಚಿಸಿದರು. ಪಂಚಾಯಿತಿಯಲ್ಲಿ ಅವನ ಫೋಟೋ ಇದೆ, ಗಂಧದ ಹಾರ ಹಾಕಿ. ಮತ್ತು ನಮ್ಮ ಊರು! ಯಾರ ಮನೆಯಲ್ಲಿ ಗಡಿಗೆ ಬಿರಿದರೂ “ನಕ್ಷಾ ಮಾಸ್ತರ ಮಾಡಿದ್ದೇನ?” ಎಂದು ನಗುವುದು. ಬಿರಿದ ಕೋಣೆಗೆ ಬೀಗ ಹಾಕಿ ಉಳಿದ ಕೋಣೆಗಳಲ್ಲೇ ಮಕ್ಕಳು ಕೂತು ಕಲಿತರು. ಮಟಮಟ ಮಧ್ಯಾಹ್ನವೂ ಅಲ್ಲಿ ಫ್ಯಾನು ಬೇಡ, ಲೈಟು ಬೇಡ. ಆ ತಂಪಿನಲ್ಲಿ ಕೂತು ಕಲಿತವರೇ ಹೊರಗೆ ಬಂದು ನಕ್ಕರು. ನನ್ನ ಮಗ ಬಸುನೂ ನಕ್ಕಿದ್ದಾನೆ. ನಾನು ಪ್ರತಿ ಸಲ ಕೇಳಿದ್ದೇನೆ, ಪ್ರತಿ ಸಲ ಸುಮ್ಮನಿದ್ದೇನೆ. ಊರಿನ ಮೇಲಿನ ಸಿಟ್ಟು ಒಂದು ತೂಕವಾದರೆ ನನ್ನ ಮೇಲಿನದು ನಾಲ್ಕು ತೂಕ.

ಅಕ್ಷತಾ ಹುಬ್ಬಳ್ಳಿಯಲ್ಲಿ ಇದೇ ನಕ್ಷೆಯ ವಿದ್ಯೆ ಓದುತ್ತಾಳೆ. ಮುದುಕರಾದ ಮೇಲೆ ಮಾಸ್ತರರು ಕೊನೆಗೆ ಪಾಠ ಮಾಡಿದ್ದು ಅವಳ ಕಾಲೇಜಿನಲ್ಲೇ, ಅವರ ನೋಟ್‌ಬುಕ್ಕುಗಳು ಅಲ್ಲಿಯ ಕಪಾಟಿನಲ್ಲಿವೆ. ಈ ವರ್ಷ, ಕಟ್ಟಿದ್ದೇ ತಪ್ಪಾಗಿದೆಯೆಂದು ಶಾಲೆ ಕೆಡವುತ್ತಾರೆಂಬ ಸುದ್ದಿ ಬಂದಾಗ ಅವಳು ಅವನ್ನೆಲ್ಲ ತಿರುವಿ, ನಮ್ಮ ಶಾಲೆಯ ಬಗ್ಗೆ ಇದ್ದದ್ದನ್ನು ಬರೆದುಕೊಂಡು ಬಂದಳು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ತಂದೆಗೆ ಓದಿ ಹೇಳುತ್ತಿದ್ದಳು. ನಾನು ಒಳಗೆ ಬೆಳ್ಳುಳ್ಳಿ ಸುಲಿಯುತ್ತಿದ್ದೆ.

‘ಗಚ್ಚು ಹೊರುವ ಹುಡುಗಿಯೊಬ್ಬಳು ಸಂದು ಏಕೆಂದು ಕೇಳಿದಳು. ನಾಳೆ ಹೇಳುತ್ತೇನೆ ಎಂದೆ. ಹೇಳದೆ ರೈಲು ಹತ್ತಿದೆ. ಕಟ್ಟುವ ಕೈಗೆ ಕಾರಣ ಹೇಳದ ಶಿಕ್ಷಕನ ಕಟ್ಟಡ ಬಿರಿಯುವುದು ನ್ಯಾಯವೇ. ಇದನ್ನು ಪ್ರತಿ ವರ್ಷ ಮೊದಲ ಪಾಠದಲ್ಲಿ ಹೇಳಬೇಕು.’

ಬೆಳ್ಳುಳ್ಳಿಯ ಮೊರ ಕೈಯಿಂದ ಬಿತ್ತು.

“ಯಾಕಬೇ ಆಯಿ, ಏನಾತು?” ಎಂದಳು ಅಕ್ಷತಾ.

“ಆ ಹುಡುಗಿ ನಾನ” ಎಂದೆ. ಆಮೇಲೆ ನನಗೆ ಬಂದ ಸಿಟ್ಟು! ಅಳು ಬರಬೇಕಿತ್ತು, ಬರಲಿಲ್ಲ. “ಏನ ದೊಡ್ಡಸ್ತಿಕಿ ಅವರದು? ನನ್ನ ಬೆರಳು ಕಂಡಿತ್ತಲ್ಲ, ಜುಟ್ಟು ಹಿಡದು ಎರಡ ಬೈದಿದ್ರ ಆಗಿಂದಾಗ ಬಿಚ್ಚತಿದ್ವಿ ಸಂದು! ಗಂಡಸರಿಗೆಲ್ಲಾ ಬೂದ್ಯಾಗ ಚಿತ್ರ ತಗದು ಹೇಳಿದ್ರು. ನಮಗ ಒಂದ ಮಾತು ಹೇಳಾಕ ಟೈಮ್ ಸಿಗಲಿಲ್ಲ. ಆಮ್ಯಾಲ ಎಲ್ಲಾ ತಪ್ಪು ತಾವ ಹೊತಗೊಂಡು ಹ್ವಾದ್ರು. ಹೊರೂದು ನಮ್ಮ ಕೆಲಸ ಇತ್ತು, ಅದನ್ನೂ ಕಸಗೊಂಡ್ರು!”

ಅಕ್ಷತಾ ನನ್ನನ್ನು ಬೈಯಲಿಲ್ಲ. “ಆಯಿ, ಇದನ್ನ ಎಲ್ಲಾರ ಮುಂದ ಹೇಳ್ತೀಯೇನು?” ಎಂದಳು. ಶಾಲೆ ಕೆಡವಬೇಡಿರೆಂದು ಅವಳು ಅರ್ಜಿ ಕೊಟ್ಟ ಕಚೇರಿಯಲ್ಲಿ ಹಳೆಯ ನಕ್ಷೆ ಕಳೆದುಹೋಗಿತ್ತು. ನೋಟ್‌ಬುಕ್ಕಿನ ಮಾತು ಸಾಲದು, ಗೋಡೆಯಲ್ಲಿ ಸಂದೇ ಕಾಣುತ್ತಿಲ್ಲ ಎಂದು ಅವಳನ್ನು ಎರಡು ಸಲ ತಿರುಗಿ ಕಳಿಸಿದ್ದರು.

“ಊರ ಮಂದಿ ಏನಂತಾರ?” ಎಂದ ಬಸು.

“ನೀ ಸುಮ್ನಿರಲೇ. ಇಷ್ಟ ದಿನಾ ಅಂದಾರಲ್ಲ, ಅಂದದ್ದು ಸುಳ್ಳಂತ ಈಗರೆ ತಿಳೀಲಿ” ಎಂದೆ.

ಹೋದ ತಿಂಗಳು ಶಾಲೆಯ ಅಂಗಳದಲ್ಲಿ ಊರೆಲ್ಲ ಕೂಡಿತ್ತು. ನಾನು ಎದ್ದು ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಗುತ್ತಿಗೆದಾರನ ಹೆಸರು ಬಂದಾಗ ಹಿಂದಿನಿಂದ ಯಾರೋ, “ಮುದುಕಿಗೆ ಅರಳು ಮರಳು” ಎಂದರು. ತಪಾಸಣೆಗೆ ಬಂದಿದ್ದ ಬೆಂಗಳೂರ ಕಡೆಯ ಎಂಜಿನಿಯರ್ ಸಾಹೇಬರು ಮೆತ್ತಗೆ ಕೇಳಿದರು: “ಅಜ್ಜಿ, ನೀವು ಹೇಳೋದಕ್ಕೆ ಸಾಕ್ಷಿ ಏನಿದೆ?”

“ಗ್ವಾಡಿ ಕೆರದು ನೋಡ್ರಿ. ಗೌಂಡಿ ಕೆಲಸ ಆಗಿದ್ರ ಗಚ್ಚು ಬಳಿಯೂ ಕರಣಿ ಎಳದ ಗುರುತು ಇರ್ತಾವ. ನಮ್ಮ ಕೈಯಾಗ ಕರಣಿ ಕೊಟ್ಟಾವ್ರು ಯಾರು? ಬರೇ ಬಟ್ಟಿಲೆ, ಈ ಬೆರಳಿಲೆ ಒತ್ತೀವಿ.”

ಅಕ್ಷತಾ ಉಳಿ ಹಿಡಿದು ಪದರ ಪದರವಾಗಿ ಸುಣ್ಣ ಬಿಡಿಸಿದಳು. ಎಷ್ಟು ವರ್ಷಗಳ ಸುಣ್ಣ! ಕೊನೆಗೆ ಗಚ್ಚು ಕಂಡಿತು, ಗಚ್ಚಿನಲ್ಲಿ ಬೆರಳುಗಳು ಕಂಡವು. ಮೂರು ಉದ್ದ, ಒಂದು ಗಿಡ್ಡ. ನಾನು ಸೆರಗಿನೊಳಗಿಂದ ಎಡಗೈ ತೆಗೆದು ಅದರ ಮೇಲೆ ಇಟ್ಟೆ. ಬೆರಳುಗಳು ಈಗ ಗಂಟುಗಂಟಾಗಿವೆ, ಕುಳಿಯೊಳಗೆ ಕೂರಲಿಲ್ಲ, ಆದರೆ ಗಿಡ್ಡದ್ದು ಗಿಡ್ಡದ್ದರ ಮೇಲೇ ಬಂತು. ಸಾಹೇಬರು ಆ ಗಚ್ಚನ್ನು ಸ್ವಲ್ಪ ಕೀಳಿಸಿ, ಬ್ಯಾಟರಿ ಬಿಟ್ಟು ಒಳಗೆ ನೋಡಿದರು. ಎರಡೂ ಬದಿ ನೆಟ್ಟಗೆ, ನುಣ್ಣಗೆ, ಮೌಲಾಸಾಬರು ಎಣ್ಣೆ ಹಲಗೆ ಜಾರಿಸಿದ ಹಾಗೆಯೇ ಇತ್ತು. ಅಳತೆ ಮಾಡಿದರು, ತಳಪಾಯ ತೋಡಿಸಿದರು, ಎರಡು ದಿನ ನೋಡಿದರು. ಅದರ ಉತ್ತರವೇ ಇವತ್ತು ಬಂದ ಕಾಗದ. ಸಂದು ಬಿಡಿಸಿ, ಬಿರಿದ ಗೋಡೆಯನ್ನು ಕಬ್ಬಿಣದ ಸರಳು ಹಾಕಿ ಹೊಲಿದರೆ ಶಾಲೆ ನಿಲ್ಲುತ್ತದೆ. ಪಂಚಾಯಿತಿಯವರು ಇವತ್ತೇ ಬಂದು, ಮಾಸ್ತರರ ಹೆಸರಿನ ಕಲ್ಲು ಹಾಕಿಸುತ್ತೇವೆ ಎಂದರು. ಹಾಕಿಸಲಿ. ಮೊದಲು ಆ ಗಂಧದ ಹಾರದ ಫೋಟೋ ಇಳಿಸಲಿ ಎಂದು ಅವರ ಮುಖಕ್ಕೇ ಹೇಳಿ ಕಳಿಸಿದ್ದೇನೆ.

ಸಂಜೆ ಪಡಸಾಲೆಯಲ್ಲಿ ಎಲ್ಲರೂ ಊಟಕ್ಕೆ ಕೂತೆವು. ಮಗ, ಸೊಸೆ, ಅಣ್ಣಿಗೇರಿಯಿಂದ ಓಡಿಬಂದ ಮಗಳು, ಅಳಿಯ, ಅವರ ಮಕ್ಕಳು. ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ, ಒಣಗಿಸಿದ ಕಟಕ ರೊಟ್ಟಿ. ಅಕ್ಷತಾ ಬಡಿಸುತ್ತ ನನ್ನ ಮುಂದೆ ಬಂದು ಮೊಣಕಾಲೂರಿ ಕೂತಳು.

“ಆಯಿ, ಎರಡೂ ಕೈ ಚಾಚು.”

ಒಂದು ಕಟಕ ರೊಟ್ಟಿಯನ್ನು ನನ್ನ ಎರಡೂ ಅಂಗೈಗಳ ಮೇಲೆ ಅಡ್ಡಕ್ಕೆ ಇಟ್ಟಳು. “ಹೆಬ್ಬಟ್ಟಿನಿಂದ ಗಟ್ಟ್ಯಾಗಿ ಹಿಡಿ. ನಿನ್ನ ಕೈ ಅಂದ್ರ ಎರಿ ನೆಲ, ರೊಟ್ಟಿ ಅಂದ್ರ ಸಾಲಿ. ಈಗ ಮಳಿ ಬಂತು, ಒಂದ ಕೈ ಎತ್ತು.”

ಎತ್ತಿದೆ. ರೊಟ್ಟಿ ಟಪ್ಪೆಂದು ಮುರಿಯಿತು.

ಅವಳು ಎರಡು ಹೋಳುಗಳನ್ನೂ ಒಂದೊಂದು ಅಂಗೈಯಲ್ಲಿ ಇಟ್ಟು, ನಡುವೆ ಎರಡು ಬೆರಳು ಜಾಗ ಬಿಟ್ಟಳು. “ಈಗ ಎತ್ತು.”

ಎತ್ತಿದೆ. ಇಳಿಸಿದೆ. ಇನ್ನೊಂದು ಕೈ ಎತ್ತಿದೆ, ಇಳಿಸಿದೆ. ಏನೂ ಆಗಲಿಲ್ಲ. ಎಲ್ಲರೂ ತುತ್ತು ನಿಲ್ಲಿಸಿ ನನ್ನ ಕೈಗಳನ್ನೇ ನೋಡುತ್ತಿದ್ದರು.

“ಇಷ್ಟ ಏನು?” ಎಂದೆ.

“ಇಷ್ಟ ಆಯಿ.”

ನಾನು ಸಂದಿನ ಮಾತು ಕೇಳಿದ ಆ ಮಧ್ಯಾಹ್ನ ಮಾಸ್ತರರ ಕೈಯಲ್ಲೂ ಒಂದು ರೊಟ್ಟಿ ಇತ್ತು. ನಾನೇ ಕೊಟ್ಟಿದ್ದೆ.

“ಉಣ್ಣಬೇ, ಸಾರು ಆರಾಕತ್ತೈತಿ” ಎಂದಳು ಮಗಳು. ಎರಡೂ ಹೋಳುಗಳನ್ನು ಸಾರಿನಲ್ಲಿ ಅದ್ದಿಕೊಂಡು, ಎಲ್ಲರ ಜೊತೆ ನಾನೂ ಉಂಡೆ.